ಲಸಿಕೆಯ ಸ್ಲಾಟ್: ವೆಬ್‌ಸೈಟ್, ಫೋನ್, ಡಾಕ್ಟರ್, ಇಲ್ಲಾ ಸಂಜೆ ಉಳಿದ ಡೋಸ್?

2021ರಲ್ಲಿ ಕೋವಿಡ್ ಲಸಿಕೆಗೆ ಸ್ಲಾಟ್ ಹುಡುಕಿದ್ದು ಇಬ್ಬರಿಗಾಗಿ. ಒಬ್ಬರು ಎಂಬತ್ತು ದಾಟಿದ, ಗಾಲಿಕುರ್ಚಿಯಲ್ಲೇ ಓಡಾಡುವ ಅಮ್ಮ. ಇನ್ನೊಬ್ಬಳು ಅವರನ್ನು ದಿನವಿಡೀ ನೋಡಿಕೊಳ್ಳುವ ನಾನು. ಇದ್ದಬದ್ದ ದಾರಿಗಳನ್ನೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಇಷ್ಟು: ವಯಸ್ಸಾದವರಿಗೆ ಫೋನೇ ವಾಸಿ, ನೋಡಿಕೊಳ್ಳುವವರಿಗೆ ಸಂಜೆ ಕೇಂದ್ರದಲ್ಲಿ ಉಳಿದುಹೋದ ಡೋಸೇ ವಾಸಿ. ಎಲ್ಲರೂ ಮೊದಲು ಓಡುತ್ತಿದ್ದುದು ಬುಕಿಂಗ್ ವೆಬ್‌ಸೈಟ್‌ಗೆ, ಆದರೆ ಅದು ಇಬ್ಬರಿಗೂ ಅಷ್ಟಕ್ಕಷ್ಟೆ.

ವೆಬ್‌ಸೈಟ್‌ನಲ್ಲಿ ಸ್ಲಾಟ್ ಯಾವಾಗ ಬಿಡುತ್ತಾರೆ ಅಂತ ಯಾರೂ ಹೇಳುತ್ತಿರಲಿಲ್ಲ. ಬಿಟ್ಟರೆ ನಿಮಿಷಗಳಲ್ಲಿ ಖಾಲಿ. ಒಟಿಪಿ ಬರುವುದು ಅಮ್ಮನ ಫೋನಿಗೆ, ಫೋನ್ ಇರುವುದು ಇನ್ನೊಂದು ರೂಮಿನಲ್ಲಿ, ಅದನ್ನು ತಂದು ನಂಬರ್ ಹಾಕಿ ಆ ವಕ್ರ ಅಕ್ಷರಗಳನ್ನು ಓದಿ ಟೈಪ್ ಮಾಡುವಷ್ಟರಲ್ಲಿ ಪುಟವೇ ಲಾಗ್ ಔಟ್ ಆಗಿರುತ್ತಿತ್ತು. ಬೆರಳು ಚುರುಕಿದ್ದವರಿಗೆ ಲಸಿಕೆ, ಅಗತ್ಯ ಇದ್ದವರಿಗಲ್ಲ. ಸಿಕ್ಕರೂ ಅಮ್ಮನಿಗೆ ಒಂದು ಕೇಂದ್ರ, ನನಗೆ ಇನ್ನೊಂದು ಕೇಂದ್ರ, ಬೇರೆ ದಿನ. ನಾನು ಹೋದಾಗ ಅಮ್ಮನ ಹತ್ತಿರ ಯಾರಿರಬೇಕು? ಗಾಲಿಕುರ್ಚಿ ಹೋಗುತ್ತದಾ ಅಂತ ಕೇಳಲು ಒಂದು ಜಾಗವೂ ಇರಲಿಲ್ಲ. ಒಂದು ಅನುಕೂಲ ಮಾತ್ರ ಒಪ್ಪಬೇಕು. ಯಾರಾದರೂ ರದ್ದು ಮಾಡಿದ ಸ್ಲಾಟ್ ಕೂಡಲೇ ಅಲ್ಲಿ ಕಾಣಿಸುತ್ತಿತ್ತು, ಹಿಂದಿನ ದಿನ ರಾತ್ರಿ ಸುಮ್ನೆ ತೆರೆದು ನೋಡಿದರೂ ಕೆಲವೊಮ್ಮೆ ಸಿಗುತ್ತಿತ್ತು.

ಸಹಾಯವಾಣಿಯಲ್ಲಿ ಕಾಯುವುದು ಜಾಸ್ತಿ. ಅದೇ ಸಂಗೀತ, ಅದೇ "ನಿಮ್ಮ ಕರೆ ನಮಗೆ ಮುಖ್ಯ". ಆದರೆ ಕೊನೆಗೆ ಸಿಗುವುದು ಮನುಷ್ಯರು, ಅದೇ ದೊಡ್ಡ ವ್ಯತ್ಯಾಸ. ಮೆಟ್ಟಿಲು ಇದೆಯಾ, ಕಾರು ಬಾಗಿಲವರೆಗೆ ಬರುತ್ತದಾ, ಲಸಿಕೆ ಆದ ಮೇಲೆ 15 ನಿಮಿಷ ಕೂರಲು ಜಾಗ ಇದೆಯಾ, ಎಲ್ಲ ಕೇಳಬಹುದಿತ್ತು. ಹಿಂದೆ ಯಾವುದಕ್ಕಾದರೂ ತೀವ್ರ ಅಲರ್ಜಿ ಆಗಿದ್ದವರನ್ನು 30 ನಿಮಿಷ ಕೂರಿಸುತ್ತಿದ್ದರು, ಅಷ್ಟು ಹೊತ್ತು ಗಟ್ಟಿ ಕುರ್ಚಿಯಲ್ಲಿ ಕೂರುವುದು ಬೆನ್ನು ನೋವಿರುವ ಅಜ್ಜ ಅಜ್ಜಿಯರಿಗೆ ಸಣ್ಣ ವಿಷಯ ಅಲ್ಲ. ಒಂದು ಕಿರಿಕಿರಿ ಇತ್ತು.

"ಅವರೇ ಮಾತಾಡಿ ಒಪ್ಪಿಗೆ ಕೊಡಬೇಕು ಮೇಡಂ."

"ಅವರಿಗೆ ಕಿವಿ ಕೇಳಿಸಲ್ಲಪ್ಪ."

ಸ್ಪೀಕರ್ ಹಾಕಿ, ನಾನು ಅಮ್ಮನ ಕಿವಿಯಲ್ಲಿ ಕೂಗಿ, ಅವರು ಇತ್ತ "ಹ್ಞೂಂ ಹಾಕ್ಲಿ ಬಿಡಿ" ಅಂತ ಕೂಗಿ, ಅಂತೂ ಸ್ಲಾಟ್ ಆಯಿತು. ಎರಡನೇ ಡೋಸನ್ನೂ ಆಗಲೇ ಬುಕ್ ಮಾಡಿಸಿಕೊಳ್ಳುವುದು ಒಳ್ಳೆಯದಿತ್ತು. ಫೈಜರ್ ಲಸಿಕೆ ಆದರೆ 3 ವಾರ, ಮಾಡರ್ನಾ ಲಸಿಕೆ ಆದರೆ 4 ವಾರ ಅನ್ನುವುದು ಆಗಿನ ಮೂಲ ಲೆಕ್ಕ, ಆಮೇಲೆ ಕೆಲವು ದೇಶಗಳು ಅದನ್ನು ಇನ್ನೂ ಮುಂದಕ್ಕೆ ತಳ್ಳಿದವು.

ಮಾಮೂಲಿ ಡಾಕ್ಟರ್ ಹತ್ತಿರ ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅಮ್ಮನ ಔಷಧಿ, ಅಲರ್ಜಿ ಎಲ್ಲ ಅವರಿಗೆ ಗೊತ್ತು. ಆದರೆ ಫೈಜರ್ ಲಸಿಕೆಯನ್ನು ಮೊದಮೊದಲು ಮೈನಸ್ 70 ಡಿಗ್ರಿ ಆಸುಪಾಸಿನಲ್ಲಿ ಇಡಬೇಕಿತ್ತು, ಸಣ್ಣ ಕ್ಲಿನಿಕ್‌ಗೆ ಅಂಥ ಫ್ರೀಜರ್ ಎಲ್ಲಿಂದ ಬರಬೇಕು? ಮಾಮೂಲಿ ಫ್ರಿಜ್‌ನಲ್ಲಿ ಇಡಬಹುದಾದ ಲಸಿಕೆ ಅವರ ಕೈಗೆ ಬರುವವರೆಗೆ ಕಾಯುವ ಧೈರ್ಯ ನನಗಿರಲಿಲ್ಲ. ಆದರೂ ಅವರ ಹತ್ತಿರ ಹೋದೆ. "ಇವರು ತಾಯಿಯನ್ನು ನೋಡಿಕೊಳ್ಳುತ್ತಿದ್ದಾರೆ" ಅಂತ ಒಂದು ಚೀಟಿ ಬರೆಸಿಕೊಂಡೆ.

ಆ ಚೀಟಿ ಯಾಕೆ ಅಂದರೆ, ಮನೆಯಲ್ಲಿ ನೋಡಿಕೊಳ್ಳುವವರು ಲಸಿಕೆ ಸರದಿಯ ಯಾವ ಪಟ್ಟಿಯಲ್ಲೂ ಸುಲಭಕ್ಕೆ ಕಾಣಿಸುತ್ತಿರಲಿಲ್ಲ. ಬ್ರಿಟನ್ನಿನ ಆಗಿನ ಪಟ್ಟಿ ನೋಡಿ: ವೃದ್ಧರ ಆರೈಕೆ ಕೇಂದ್ರಗಳ ಸಿಬ್ಬಂದಿ 1ನೇ ಗುಂಪು, ಸಂಬಳ ಇಲ್ಲದೆ ಮನೆಯವರನ್ನು ನೋಡಿಕೊಳ್ಳುವವರು 6ನೇ ಗುಂಪು. ಸಿಬ್ಬಂದಿಗೆ ಮೊದಲು ಕೊಟ್ಟಿದ್ದು ಸರಿಯೇ. ಆದರೆ ಅಮ್ಮನಿಗೆ ಸ್ನಾನ ಮಾಡಿಸುವ, ಬಾಯಿಗೆ ಊಟ ಕೊಡುವ ಮಗಳಿಂದ ಸೋಂಕು ಬರುವುದಿಲ್ಲವಾ? ಪಟ್ಟಿಯಲ್ಲಿ ಹೆಸರಾದರೂ ಇದೆ ಅಂತ ಸಮಾಧಾನ ಪಡಬೇಕಿತ್ತು, ಅದೂ ಇಲ್ಲದ ಕಡೆ ನಮ್ಮ ಸರದಿ ಬರೀ ವಯಸ್ಸಿನ ಲೆಕ್ಕವಾಗಿತ್ತು.

ಇಲ್ಲಿ ಉಳಿದ ಡೋಸ್ ಕೆಲಸಕ್ಕೆ ಬಂತು. ಆಗ ಫೈಜರ್‌ನ ಒಂದು ಸೀಸೆಯಲ್ಲಿ 6 ಡೋಸ್, ದ್ರಾವಣ ಬೆರೆಸಿದ ಮೇಲೆ 6 ಗಂಟೆಯೊಳಗೆ ಮುಗಿಸಬೇಕಿತ್ತು. ಬರಬೇಕಾದವರು ಬರಲಿಲ್ಲ ಅಂದರೆ ಸಂಜೆ ಅದನ್ನು ಯಾರಿಗಾದರೂ ಹಾಕಬೇಕಿತ್ತು, ಇಲ್ಲಾ ಚೆಲ್ಲಬೇಕಿತ್ತು. ಹತ್ತಿರದ ಕೇಂದ್ರಕ್ಕೆ ಹೋಗಿ ಹೆಸರು, ಫೋನ್ ನಂಬರ್ ಕೊಟ್ಟು ಚೀಟಿ ತೋರಿಸಿ ಬಂದೆ. ಕರೆ ಬಂದರೆ ತಕ್ಷಣ ಹೊರಡಬೇಕಿತ್ತು, ಗಾಲಿಕುರ್ಚಿಯವರಿಗೆ ಅದು ಆಗದ ಮಾತು. ನನಗೆ ಆಯಿತು, ಪಕ್ಕದ ಮನೆಯವರು ಬಂದು ಅಮ್ಮನ ಹತ್ತಿರ ಕೂತಿದ್ದರಿಂದ. ಅಂಥವರನ್ನು ಮೊದಲೇ ಹೇಳಿಟ್ಟುಕೊಂಡಿರಿ.

ಮನೆಗೇ ಬಂದು ಹಾಕುವ ತಂಡ ನಮಗೆ ಸಿಗಲಿಲ್ಲ, ಕುರ್ಚಿಯಲ್ಲಿ ಕೂರಬಲ್ಲವರು ಹಾಸಿಗೆ ಹಿಡಿದವರಲ್ಲವಂತೆ! ನಿಮಗೆ ಸಿಕ್ಕರೆ ಫೋನಿನಲ್ಲೇ ಕೇಳಿಬಿಡಿ, ನೋಡಿಕೊಳ್ಳುವವರಿಗೂ ಅವತ್ತೇ ಹಾಕುತ್ತೀರಾ ಅಂತ. ಹೇಗೂ ಸೀಸೆ ತೆರೆದಿರುತ್ತದೆ, 15 ನಿಮಿಷ ತಂಡದವರು ಅಲ್ಲೇ ಕೂರಬೇಕಿರುತ್ತದೆ.