ಚಾರಣ ಬರೆದು ಬದುಕಬೇಕು ಅಂತಿದ್ದೀರಾ? ಸಹಿ ಹಾಕುವ ಮೊದಲು ಇದನ್ನು ಓದಿ

2023ರ ಅಕ್ಟೋಬರ್‌ನಲ್ಲಿ ನೇಪಾಳದ ಅನ್ನಪೂರ್ಣ ಸರ್ಕ್ಯೂಟ್ ನಡೆದೆ. ಬೇಸಿಸಹರ್‌ನಿಂದ ಮುಕ್ತಿನಾಥಕ್ಕೆ ಹದಿನಾರು ದಿನ. ಆ ದಾರಿಯ ಬಗ್ಗೆ ಬರೆದದ್ದರಲ್ಲಿ ಒಂದು ಸಾಲೂ ಇವತ್ತು ನನ್ನದಲ್ಲ. ಒಂದು ರೂಪಾಯಿಯೂ ಕೈಗೆ ಬಂದಿಲ್ಲ. ಉದ್ದದ ಚಾರಣ ಮಾಡಿ, ಅದನ್ನೇ ಬರೆದು ಹೊಟ್ಟೆ ಹೊರೆಯೋಣ ಅಂತ ಕೆಲಸ ಬಿಡಲು ಹೊರಟವರು ದಯವಿಟ್ಟು ಪೂರ್ತಿ ಓದಿ.

ಒಂದು ಪ್ರವಾಸ ಪತ್ರಿಕೆಯವರು ನಾಲ್ಕು ಲೇಖನ, ಜೊತೆಗೆ ಫೋಟೋ ಕೇಳಿದ್ದರು. ಮಾತಾಗಿದ್ದು 40 ಸಾವಿರಕ್ಕೆ, ಅದೂ ಪ್ರಕಟವಾದ ಮೇಲೆ. ಖರ್ಚೆಲ್ಲ ನನ್ನದೇ. ವಿಮಾನ, ಪರ್ಮಿಟ್, ಗೈಡ್, ಲಾಡ್ಜ್ ಎಲ್ಲ ಸೇರಿ 78 ಸಾವಿರ ದಾಟಿತು. ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯ ಅಂತ ನೇಪಾಳ ಆ ವರ್ಷದ ಏಪ್ರಿಲ್‌ನಿಂದಲೇ ನಿಯಮ ತಂದಿತ್ತು, ಆ ಹಣವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೇಲೆ ಹತ್ತಿದಷ್ಟೂ ದಾಲ್ ಭಾತ್ ಬೆಲೆಯೂ ಹತ್ತುತ್ತದೆ. ಇರಲಿ, ಹೆಸರು ಬಂದರೆ ಮುಂದಿನ ಕೆಲಸದಲ್ಲಿ ತುಂಬಿಕೊಳ್ಳೋಣ ಅಂದುಕೊಂಡೆ. ಈ ಸಮಾಧಾನ ತುಂಬಾ ಜನರನ್ನು ಹಾಳು ಮಾಡಿದೆ.

ಆ ದಾರಿಯಲ್ಲಿ ಸಿಗುವ ಹಳ್ಳಿ ಮನಾಂಗ್ 3,540 ಮೀಟರ್ ಎತ್ತರದಲ್ಲಿದೆ. ಮೈ ಹೊಂದಿಕೊಳ್ಳಲಿ ಅಂತ ಎರಡು ದಿನ ಅಲ್ಲೇ ಇದ್ದೆ. ಲಾಡ್ಜ್‌ನ ಅಜ್ಜಿ ಒಲೆ ಮುಂದೆ ಕೂತು ಫಾಪರ, ಅಂದರೆ ಬಕ್‌ವೀಟ್ ಧಾನ್ಯದ ರೊಟ್ಟಿ ಮಾಡುತ್ತಿದ್ದರು. ಬೂದು ಬಣ್ಣದ ಹಿಟ್ಟು, ನೋಡಿದರೆ ನಮ್ಮ ರಾಗಿಯೇ ನೆನಪಾಗಬೇಕು. ಒಂದು ಮಧ್ಯಾಹ್ನ ಪೂರ್ತಿ ಅವರ ಪಕ್ಕ ಕೂತೆ, ಅವರ ಮಾತನ್ನು ಗೈಡ್ ನನಗೆ ಅನುವಾದಿಸಿ ಹೇಳಿದ. 2014ರ ಅಕ್ಟೋಬರ್‌ನ ಹಿಮಬಿರುಗಾಳಿ ನಿಮಗೆ ನೆನಪಿರಬಹುದು, ಆ ಭಾಗದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಯಾರಾದರೂ ಇಳಿದು ಬಂದರೆ ಬಿಸಿನೀರಾದರೂ ಇರಲಿ ಅಂತ ಅಜ್ಜಿ ಆಗ ರಾತ್ರಿಯೆಲ್ಲ ಒಲೆ ಆರಿಸಲಿಲ್ಲವಂತೆ. ಫೋಟೋ ತೆಗೆಯಲಾ ಅಂದೆ. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, ಮತ್ತೆ ನೀಟಾಗಿ ಕಟ್ಟಿಕೊಂಡು ಕೂತರು. ‘ನಿಮ್ಮ ಕತೆ ಜೊತೆಗೇ ಇದು ಬರುತ್ತೆ’ ಅಂತ ಮಾತು ಕೊಟ್ಟೆ.

5,416 ಮೀಟರ್ ಎತ್ತರದ ಥೊರಾಂಗ್ ಲಾ ಕಣಿವೆಮಾರ್ಗ ದಾಟುವ ಹಿಂದಿನ ರಾತ್ರಿ ಚಳಿಗೆ ಪೆನ್ನು ನಿಂತುಹೋಯಿತು. ಅಂಗೈಯಲ್ಲಿ ಉಜ್ಜಿ ಉಜ್ಜಿ ಬರೆದೆ.

ನವೆಂಬರ್‌ನಲ್ಲಿ ಲೇಖನ ಕಳಿಸಿದೆ. ‘ಮುಂದಿನ ಸಂಚಿಕೆಗೆ’ ಅಂದರು. ಹೀಗೇ ವರ್ಷ ಕಳೆಯಿತು. ಒಂದು ದಿನ ಗೆಳತಿಯೊಬ್ಬಳು ವಾಟ್ಸಾಪ್‌ನಲ್ಲಿ ಟೂರ್ ಕಂಪನಿಯೊಂದರ ಜಾಹೀರಾತು ಕಳಿಸಿದಳು. ಮುಕ್ತಿನಾಥ ಪ್ಯಾಕೇಜ್. ಅದರಲ್ಲಿ ಅದೇ ಅಜ್ಜಿ, ಅದೇ ಒಲೆ, ಕೆಳಗೆ ನನ್ನದೇ ಸಾಲುಗಳು. ಅಜ್ಜಿಯ ಕತೆ ಮಾತ್ರ ಇಲ್ಲ. ಪತ್ರಿಕೆಯವರನ್ನು ಕೇಳಿದರೆ ನಾನು ಸಹಿ ಹಾಕಿದ ಕಾಗದವನ್ನೇ ಕಳಿಸಿದರು. ‘ಎಲ್ಲ ಹಕ್ಕುಗಳು, ಶಾಶ್ವತವಾಗಿ, ಜಗತ್ತಿನಾದ್ಯಂತ, ಬೇರೆಯವರಿಗೆ ಕೊಡುವ ಅಧಿಕಾರ ಸಹಿತ.’ ಪ್ರಕಟಿಸಲೇಬೇಕು ಅಂತ ಎಲ್ಲೂ ಇಲ್ಲ. ಪ್ರಕಟಿಸದಿದ್ದರೆ ದುಡ್ಡೂ ಇಲ್ಲ.

ಬೇಸರದ ಸಂಗತಿ ಏನು ಗೊತ್ತಾ? ಕಾನೂನು ನಮ್ಮ ಕಡೆಗೇ ಇತ್ತು. ನೌಕರಿಯಲ್ಲಿ ಇಲ್ಲದೆ ಸ್ವತಂತ್ರವಾಗಿ ಬರೆದರೆ ಬರಹದ ಮೊದಲ ಹಕ್ಕು ಬರೆದವರದೇ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕು ಬಿಟ್ಟುಕೊಡುವ ಕಾಗದದಲ್ಲಿ ಅವಧಿ ಹೇಳದಿದ್ದರೆ ಅದು ಐದೇ ವರ್ಷ, ಜಾಗ ಹೇಳದಿದ್ದರೆ ಭಾರತಕ್ಕೆ ಮಾತ್ರ. ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಅನ್ನುವ ಎರಡು ಮಾತಿಗೆ ಸಹಿ ಹಾಕಿ ಆ ರಕ್ಷಣೆಯನ್ನು ನಾನೇ ಕಳೆದುಕೊಂಡೆ. ಆ ಎರಡು ಪದ ಕಂಡರೆ ಹೊಡೆದುಹಾಕಿ. ‘ಒಂದು ಬಾರಿ ಪ್ರಕಟಿಸುವ ಹಕ್ಕು’ ಅಂತ ಬರೆಸಿ. ಫೋಟೋಗಳಿಗೆ ಬೇರೆಯೇ ಕಾಗದ ಮಾಡಿಸಿ, ಜಾಹೀರಾತಿಗೆ ಬಳಸಬಾರದು ಅಂತ ಸೇರಿಸಿ. ಪ್ರಯಾಣದ ಖರ್ಚು ಮುಂಗಡ ಬರದೆ ಟಿಕೆಟ್ ಮಾಡಿಸಲೇಬೇಡಿ. ‘ಪ್ರಕಟವಾದ ಮೇಲೆ’ ಅನ್ನುವ ಜಾಗದಲ್ಲಿ ‘ಲೇಖನ ಒಪ್ಪಿಸಿದ ಮೇಲೆ’ ಅಂತಿರಲಿ, ಒಪ್ಪಿಸಿದ ಮೇಲೆ ಅವರು ಹಾಕದಿದ್ದರೂ ದುಡ್ಡು ನಿಮ್ಮದೇ.

ಇನ್ನೊಂದು, ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸುವುದು. ಅದು ಉಚಿತ. ಇದ್ದರೆ 2006ರ ಎಂಎಸ್‌ಎಂಇ ಕಾಯ್ದೆಯಡಿ 45 ದಿನದೊಳಗೆ ಹಣ ಕೇಳುವ ಹಕ್ಕಿದೆ. ಆದರೆ ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಮಾಡಿಸಿಕೊಳ್ಳಿ. ನಾನು ಮಾಡಿಸಿದ್ದು ಆಮೇಲೆ.

ಮೊನ್ನೆ ಗೈಡ್ ಮೆಸೇಜ್ ಹಾಕಿದ್ದ. ಮನಾಂಗ್‌ಗೆ ಹೋಗಿದ್ದನಂತೆ, ಕತೆ ಬಂತಾ ಅಂತ ಅಜ್ಜಿ ವಿಚಾರಿಸಿದರಂತೆ. ಇನ್ನೂ ಉತ್ತರ ಬರೆದಿಲ್ಲ.