ರೋಡ್ ಬೈಕ್ (ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್) ಹ್ಯಾಂಡಲ್‌ಬಾರ್: ಅಗಲ 38 ಸೆಂ.ಮೀ. ಸಾಕಾ, 42 ಬೇಕಾ?

ಮೊದಲು ಭುಜ ಅಳೆಯಿರಿ. ಎರಡೂ ಭುಜದ ತುದಿಯಲ್ಲಿ ಕೈಗೆ ಸಿಗುವ ಮೂಳೆಗಳ ನಡುವೆ ಟೇಪ್ ಹಿಡಿಯಿರಿ. ಆ ಅಳತೆಯಿಂದಲೇ ಶುರು ಮಾಡಿ.

38 ಸೆಂ.ಮೀ. ಬಾರ್‌ನಲ್ಲಿ ಕೈಗಳು ಒಳಗೆ ಬರುತ್ತವೆ, ಎದೆಗೆ ಗಾಳಿ ಕಡಿಮೆ ಬಡಿಯುತ್ತದೆ. ಸಪಾಟು ರಸ್ತೆಯಲ್ಲಿ ಜೋರಾಗಿ ಹೋಗುವವರಿಗೆ ಇದೇ ಸರಿ.

42ರಲ್ಲಿ ಹಿಡಿತ ಜಾಸ್ತಿ. ನಂದಿ ಬೆಟ್ಟದ ತಿರುವುಗಳನ್ನು ಇಳಿಯುವಾಗ, ಗುಂಡಿ ತಪ್ಪಿಸುವಾಗ ಆ ಅಗಲ ಧೈರ್ಯ ಕೊಡುತ್ತದೆ. ಆದರೆ ಭುಜ ಚಿಕ್ಕದಾಗಿದ್ದರೆ ಕೈ ಚಾಚಿ ಚಾಚಿ ಕುತ್ತಿಗೆ ನೋಯಬಹುದು. ಸುಮ್ನೆ ಅಗಲದ್ದು ತಗೋಬೇಡಿ.

ಭುಜ 40 ಬಂದರೆ? ದಿನಾ ಕೆಟ್ಟ ರಸ್ತೆಯಲ್ಲೇ ಓಡಾಟ ಅಂದರೆ ಮಾತ್ರ 42; ಇಲ್ಲದಿದ್ದರೆ 40ನ್ನೇ ಹುಡುಕಿ.

ಕೊಳ್ಳುವಾಗ ಇನ್ನೊಂದು ಕೇಳಲೇಬೇಕು: ಅಳತೆ ಪೈಪಿನ ನಡುವಿನಿಂದ ನಡುವಿಗಾ, ಹೊರಗಿನಿಂದ ಹೊರಗಾ? ಎಲ್ಲ ಕಂಪನಿಗಳೂ ಒಂದೇ ಥರ ಅಳೆಯುವುದಿಲ್ಲ. ಸುಮಾರು 2 ಸೆಂ.ಮೀ. ವ್ಯತ್ಯಾಸ ಅಲ್ಲೇ ಬಂದುಬಿಡುತ್ತದೆ.