ನಾಯಕತ್ವ ಶಿಬಿರಕ್ಕೆ ಕರೆದು ನನ್ನ ಹೆಸರಿನಲ್ಲಿ ಸಾಲ ಎತ್ತಿದರು: ಶಿವಮೊಗ್ಗ, ತೀರ್ಥಹಳ್ಳಿ, ಸಾಗರದವರು ಗಮನಿಸಿ

ಸಣ್ಣ ಉದ್ಯಮ ನಡೆಸುವವರಿಗೆ ‘ನಾಯಕತ್ವ ಮತ್ತು ವ್ಯಕ್ತಿತ್ವ ವಿಕಸನ’ ಎಂದು ಶಿವಮೊಗ್ಗದ ಹೋಟೆಲ್ ಸಭಾಂಗಣದಲ್ಲಿ ಒಂದು ದಿನದ ಶಿಬಿರ ನಡೆಸುತ್ತಿದ್ದಾರೆ. ಹೋಗುವ ಯೋಚನೆಯಲ್ಲಿದ್ದರೆ ದಯವಿಟ್ಟು ಮೊದಲು ಇದನ್ನು ಓದಿ. ಅಲ್ಲಿ ಯಾರಾದರೂ ನಿಮ್ಮ ಮೊಬೈಲಿಗೆ ಬಂದ ಒಟಿಪಿ ಕೇಳಿದರೆ ಹೇಳಬೇಡಿ. ನೋಂದಣಿಗೆ ಎನ್ನುತ್ತಾರೆ. ನೋಂದಣಿಗಲ್ಲ, ಸಾಲಕ್ಕೆ. ಮತ್ತೊಮ್ಮೆ ಹೇಳುತ್ತೇನೆ, ಸಾಲಕ್ಕೆ.

ನನ್ನದು ತೀರ್ಥಹಳ್ಳಿ ಹತ್ತಿರ ಅಡಿಕೆ ಹಾಳೆಯ ತಟ್ಟೆ ಮಾಡುವ ಚಿಕ್ಕ ಘಟಕ. ಇಂಥ ಶಿಬಿರ ನಡೆಸುವವರ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ನಿಮಗೂ ಗೊತ್ತು: ಮೊದಲು 99 ರೂಪಾಯಿಗೆ ಮೊಬೈಲಿನಲ್ಲಿ ತರಗತಿ, ಆಮೇಲೆ ಉಚಿತ ಶಿಬಿರ, ಅದರ ಕೊನೆಯಲ್ಲಿ ದುಬಾರಿ ಕೋರ್ಸ್. ನನಗೂ ಗೊತ್ತಿತ್ತು. ಬೇಡವೆನಿಸಿದರೆ ಎದ್ದು ಬಸ್ ಹತ್ತಿದರಾಯಿತು ಎಂದುಕೊಂಡೇ ಹೋಗಿದ್ದೆ.

ಬೆಳಿಗ್ಗೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮನೆ ಖರ್ಚು, ವ್ಯಾಪಾರದ ಖರ್ಚು ಬೇರೆ ಇಡಿ, ಎಲ್ಲ ಕೆಲಸವನ್ನೂ ನೀವೇ ಮಾಡಬೇಡಿ, ಇತ್ಯಾದಿ. ಊಟದ ನಂತರ ದೀಪ ಆರಿಸಿ, ಕಣ್ಣು ಮುಚ್ಚಿಸಿ, ತಂದೆ ತಾಯಿಯನ್ನು ನೆನಪಿಸಿ ಅಳಿಸಿದರು. ದೀಪ ಹತ್ತಿದ ಕೂಡಲೇ ಬೆಲೆ! ಒಂದೂವರೆ ಲಕ್ಷದ ಕೋರ್ಸ್, ಈ ಸಭಾಂಗಣದಲ್ಲಿರುವವರಿಗೆ ಇಂದು ಮಾತ್ರ 50,000, ಮೇಲೆ ಜಿಎಸ್‌ಟಿ 9,000. ‘ಬಡ್ಡಿಯಿಲ್ಲದ ಕಂತಿನಲ್ಲಿ ಕಟ್ಟಿ, ಏಳು ದಿನದೊಳಗೆ ಇಷ್ಟವಾಗದಿದ್ದರೆ ಪೂರ್ತಿ ಹಣ ವಾಪಸ್’ ಎಂದು ಮೈಕಿನಲ್ಲಿ ಹೇಳಿದ್ದು ಅಲ್ಲಿದ್ದ ಅಷ್ಟೂ ಜನ ಕೇಳಿದ್ದಾರೆ.

ಹಿಂದಿನ ಮೇಜಿನಲ್ಲಿ ಲ್ಯಾಪ್‌ಟಾಪ್ ಹಿಡಿದ ಹುಡುಗ ಆಧಾರ್, ಪ್ಯಾನ್ ಕೇಳಿದ. ‘ಮೇಡಂ, ಈಗ ಸೀಟು ಕಾಯ್ದಿರಿಸುವುದು ಅಷ್ಟೇ, ಕಂತು ಬೇಕೋ ಬೇಡವೋ ಮನೆಗೆ ಹೋಗಿ ತೀರ್ಮಾನಿಸಿ’ ಎಂದ. ಒಟಿಪಿ ಬಂತು. ಬೆನ್ನ ಹಿಂದೆ ಸಾಲು, ಮುಂದೆ ಡೋಲು, ವೇದಿಕೆಯಿಂದ ‘ಇನ್ನು ಹತ್ತೇ ಸೀಟು’ ಎಂಬ ಕೂಗು. ಓದಿ ನೋಡಬಾರದಿತ್ತೇ ಎಂದು ಈಗ ಕೇಳುವವರು ಆ ಮೇಜಿನ ಮುಂದೆ ಒಮ್ಮೆ ನಿಂತು ಬರಲಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಸಂದೇಶ. ಯಾವುದೋ ಹಣಕಾಸು ಕಂಪನಿಯದ್ದು, ಹೆಸರೇ ಕೇಳಿರದ ಕಂಪನಿ. ‘ಅಭಿನಂದನೆಗಳು, ನಿಮ್ಮ 59,000 ರೂಪಾಯಿ ಸಾಲ ಮಂಜೂರಾಗಿದೆ, ಮೊತ್ತವನ್ನು ಸಂಸ್ಥೆಗೆ ಪಾವತಿಸಲಾಗಿದೆ.’ ತಿಂಗಳಿಗೆ 4,917ರಂತೆ ಹನ್ನೆರಡು ಕಂತು, ಸಂಸ್ಕರಣಾ ಶುಲ್ಕ ಬೇರೆ. ಅಂದರೆ ನಾನಿನ್ನೂ ಮಂಡಗದ್ದೆ ದಾಟಿರಲಿಲ್ಲ, ಅವರ ಖಾತೆಗೆ ಪೂರ್ತಿ ಹಣ ಹೋಗಿಯಾಗಿತ್ತು. ಕಲಿಸಿದರೂ ಹಣ ಅವರದೇ, ಕಲಿಸದಿದ್ದರೂ ಅವರದೇ. ಸಾಲ ಮಾತ್ರ ನನ್ನದು. ಅಭಿನಂದನೆ ಬೇರೆ!

ಆದರೂ ಕೊಟ್ಟ ಹಣಕ್ಕೆ ಏನಾದರೂ ಸಿಗಲಿ ಎಂದು ತರಗತಿಗೆ ಕುಳಿತೆ. ಅಡಿಕೆ ಕೊಯ್ಲು ಶುರುವಾದರೆ ನಮ್ಮ ಹೆಂಗಸರು ಅಡಿಕೆ ಸುಲಿಯಲು ಹೋಗುತ್ತಾರೆ, ಅಲ್ಲಿ ಕೂಲಿ ಹೆಚ್ಚು, ಆ ತಿಂಗಳುಗಳಲ್ಲಿ ಘಟಕ ನಡೆಸುವುದು ಹೇಗೆ ಎಂದು ಕೇಳಿದೆ. ಉತ್ತರ: ‘ಒಂದು ದಿನ ತಪ್ಪಿದರೆ ಎರಡು ದಿನದ ಸಂಬಳ ಕತ್ತರಿಸಿ, ನಾಯಕಿ ಭಾವುಕಳಾಗಬಾರದು.’ ಹಾಗೆ ಮಾಡಿದರೆ ಸುಗ್ಗಿ ಮುಗಿದ ಮೇಲೂ ಯಾರೂ ತಿರುಗಿ ಬರುವುದಿಲ್ಲ ಎಂಬುದು ನಮ್ಮ ಕಡೆಯ ಮಗುವಿಗೂ ಗೊತ್ತು. ಜುಲೈನಲ್ಲಿ ಉತ್ಪಾದನೆ ಎರಡು ಪಟ್ಟು ಮಾಡಿ ಎಂದರು. ಜುಲೈ! ಆ ಮಳೆಯಲ್ಲಿ ಹಾಳೆ ಒಣಗುವುದೆಲ್ಲಿ, ಬೂಷ್ಟು ಹಿಡಿಯದಂತೆ ಕಾಪಾಡುವುದೇ ದೊಡ್ಡದು. ಕೊನೆಗೆ ಅಮೆರಿಕಕ್ಕೆ ರಫ್ತು ಮಾಡಿ ಎಂದರು. ಹಾಳೆ ತಟ್ಟೆಯಲ್ಲಿ ಆಹಾರ ಬಡಿಸುವುದು ಸುರಕ್ಷಿತವಲ್ಲ ಎಂದು 2025ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವೇ ತಕರಾರು ತೆಗೆದು, ನಮ್ಮಂಥವರೆಲ್ಲ ತಲೆಯ ಮೇಲೆ ಕೈ ಹೊತ್ತು ಕುಳಿತ ವಿಷಯ ಈ ಮಾರ್ಗದರ್ಶಕರಿಗೆ ಗೊತ್ತೇ ಇರಲಿಲ್ಲ.

ಏಳು ದಿನದೊಳಗೇ ಹಣ ವಾಪಸ್ ಕೇಳಿದೆ. ಬಂದ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ‘ಮೇಡಂ, ಇದು ನೀವು ಮಾತನಾಡುತ್ತಿರುವುದಲ್ಲ, ನಿಮ್ಮ ಒಳಗಿನ ಭಯ ಮಾತನಾಡುತ್ತಿದೆ.’ ‘ಗೆಲ್ಲುವವರು ಹೂಡಿಕೆ ಎನ್ನುತ್ತಾರೆ, ಸೋಲುವವರು ಖರ್ಚು ಎನ್ನುತ್ತಾರೆ.’ ಮೈಕಿನಲ್ಲಿ ಹೇಳಿದ್ದನ್ನು ನೆನಪಿಸಿದರೆ, ‘ಎಲ್ಲ ಅಭ್ಯಾಸಗಳನ್ನು ಮುಗಿಸಿದವರಿಗೆ ಮಾತ್ರ ವಾಪಸ್, ಷರತ್ತಿನಲ್ಲಿದೆ.’ ಅಭ್ಯಾಸಗಳು ಮೂರು ತಿಂಗಳಿನವು! ಏಳು ದಿನದಲ್ಲಿ ಮುಗಿಸುವುದು ಹೇಗೆ ಎಂದರೆ, ‘ಮನಸ್ಸಿದ್ದರೆ ಮಾರ್ಗ ಮೇಡಂ’ ಮತ್ತು ಕೈ ಮುಗಿದ ಚಿತ್ರ. ಜಿಎಸ್‌ಟಿ ಬಿಲ್ ಕೇಳಿದರೆ ‘ಅದನ್ನು ಬೇರೆ ತಂಡ ನೋಡಿಕೊಳ್ಳುತ್ತದೆ.’ ಕೊಟ್ಟ ರಸೀದಿಯಲ್ಲಿ ಜಿಎಸ್‌ಟಿ ಸಂಖ್ಯೆಯೇ ಇಲ್ಲ. ಹಾಗಾದರೆ ಆ 9,000 ಯಾರ ತೆರಿಗೆ? ಇದನ್ನು ಕೇಳಿದ ದಿನ ನನ್ನನ್ನು ವಾಟ್ಸ್ಆ್ಯಪ್ ಗುಂಪಿನಿಂದ ತೆಗೆದರು.

ಹಣಕ್ಕಿಂತ ಹೆಚ್ಚು ಉರಿಯುವುದು ಇನ್ನೊಂದು. ಶಿಬಿರದ ದಿನವೇ, ಪಾಠ ಶುರುವಾಗುವ ಮೊದಲೇ, ‘ನಿಮ್ಮ ಕನಸು ಹೇಳಿ’ ಎಂದು ನನ್ನ ಕೈಗೆ ಮೈಕ್ ಕೊಟ್ಟು ವಿಡಿಯೋ ಮಾಡಿಕೊಂಡಿದ್ದರು. ವಹಿವಾಟು ಎರಡು ಪಟ್ಟಾಗಬೇಕು ಎಂದಿದ್ದೆ. ಈಗ ಅದನ್ನೇ ಕತ್ತರಿಸಿ, ಕೋರ್ಸಿನಿಂದ ನನ್ನ ವಹಿವಾಟು ಎರಡು ಪಟ್ಟಾಯಿತು ಎಂದು ಜಾಹೀರಾತು ಮಾಡಿದ್ದಾರೆ. ಕೊಪ್ಪದಿಂದ ನಾದಿನಿ ಫೋನ್ ಮಾಡಿ ‘ಅತ್ತಿಗೆ, ಟಿವಿಯವರ ಹಾಗೆ ಮಾತನಾಡಿದ್ದೀರಿ, ನಾನೂ ಸೇರಲೇ’ ಎಂದು ಕೇಳಿದಳು. ಏನು ಹೇಳಲಿ? ನಮ್ಮ ಮನೆಯವರಿಗೇ ಸಾಲದ ವಿಷಯ ಅಂದು ರಾತ್ರಿ ಗೊತ್ತಾಯಿತು. ವಿಡಿಯೋ ತೆಗೆಯಿರಿ ಎಂದು ಬರೆದರೆ ಉತ್ತರ: ‘ನಿಮ್ಮ ಕಥೆ ಸಾವಿರಾರು ಜನರಿಗೆ ಸ್ಫೂರ್ತಿ ಮೇಡಂ.’

ಸಿಕ್ಕಿಬಿದ್ದವರಿಗೆ ಇಷ್ಟು. ಕಂತು ನಿಲ್ಲಿಸುವ ಮೊದಲು ಸಾಲ ಕೊಟ್ಟ ಕಂಪನಿಗೆ ಲಿಖಿತ ದೂರು ಕೊಡಿ, ಸುಮ್ಮನೆ ನಿಲ್ಲಿಸಿದರೆ ಸಿಬಿಲ್ ಅಂಕ (ಮುಂದೆ ಸಾಲ ಕೊಡುವವರು ನೋಡುವ ಅಂಕ) ಹಾಳಾಗುವುದು ನಿಮ್ಮದು. ಡಿಜಿಟಲ್ ಸಾಲಕ್ಕೆ ಮೊದಲೇ ಬಡ್ಡಿ, ಶುಲ್ಕದ ವಿವರ ಪತ್ರ ಕೊಡಬೇಕು, ನಿಗದಿತ ಅವಧಿಯೊಳಗೆ ದಂಡವಿಲ್ಲದೆ ಸಾಲದಿಂದ ಹೊರಬರಲು ಬಿಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮ 2022ರಿಂದ ಇದೆ. ಅದನ್ನೇ ಬರೆದು ಕೇಳಿ. ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ‘ಬೆಂಗಳೂರಿಗೆ ಬಂದು ಕೇಸ್ ಹಾಕಿ’ ಎಂದು ಹೆದರಿಸಿದರೆ ಹೆದರಬೇಡಿ, ನನಗೂ ಹೇಳಿದ್ದರು. ಕಲಿಯಲೇಬೇಕೆಂದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ಉಚಿತವಾಗಿ ಕಲಿಸುತ್ತಾರೆ. ಅಲ್ಲಿ ಡೋಲು ಇರುವುದಿಲ್ಲ, ಅಷ್ಟೇ.

ಸಾಲದ ಕಂಪನಿ ‘ಪರಿಶೀಲನೆಯಲ್ಲಿದೆ’ ಎಂದಿದೆ. 30 ದಿನ ಕಳೆದರೂ ಉತ್ತರ ಬಾರದಿದ್ದರೆ ಇಂಥ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗುತ್ತೇನೆ. ಮುಂದಿನ ಶಿಬಿರ ಸಾಗರದಲ್ಲಿ ಎಂದು ಜಾಹೀರಾತು ಬರುತ್ತಿದೆ. ಸಾಗರ, ಹೊಸನಗರ, ಸೊರಬದ ಕಡೆ ಅಂಗಡಿ, ಘಟಕ ನಡೆಸುವ ಪರಿಚಯದವರಿದ್ದರೆ ಇದನ್ನು ಇಂದೇ ಕಳುಹಿಸಿ.